ಹಾಳೆ ತಟ್ಟೆ ಯಂತ್ರಕ್ಕೆ ಸಿಕ್ಕ ಕೈ: ಸುಟ್ಟಗಾಯದ ವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಈ ಬಳಗದಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವವರಿದ್ದಾರೆ, ಯಂತ್ರ ಮಾರುವವರಿದ್ದಾರೆ, ದುರಸ್ತಿಯವರೂ ಇದ್ದಾರೆ. ಬಿಸಿ ಅಚ್ಚಿಗೆ ಕೈ ಸಿಕ್ಕಿತೆಂಬ ಸುದ್ದಿ ಈ ಹಂಗಾಮಿನಲ್ಲಿ ಮತ್ತೆ ಮತ್ತೆ ಬಂದದ್ದರಿಂದ, ಸುಟ್ಟಗಾಯದ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕರೆತಂದಿದ್ದೇವೆ. ಬಿಡುವಾದಾಗ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಸಂದೇಶ ಹಾಕಬೇಡಿ.

ಸಾಗರದ ಸದಸ್ಯ: ನಮಸ್ಕಾರ ಡಾಕ್ಟರೇ. ಡೈಗೆ, ಅಂದರೆ ಬಿಸಿ ಅಚ್ಚಿಗೆ, ಕೈ ತಗುಲಿದರೆ ಮೊದಲು ಏನು ಮಾಡಬೇಕು? ನಾವು ಥರ್ಮೋಸ್ಟಾಟನ್ನು 90 ಡಿಗ್ರಿಗೆ ಇಡುತ್ತೇವೆ, ಅದರ ಮೇಲೆ ಬಿಡುವುದಿಲ್ಲ.

ಡಾಕ್ಟರು: ನಮಸ್ಕಾರ. ನಲ್ಲಿಯ ನೀರು. ಹರಿಯುವ, ತಣ್ಣಗಿನ, ಸಾಮಾನ್ಯ ನೀರಿನ ಕೆಳಗೆ ಪೂರ್ತಿ 20 ನಿಮಿಷ ಕೈ ಹಿಡಿಯಬೇಕು, ಗಡಿಯಾರ ನೋಡಿಕೊಂಡು. ಕೂಡಲೇ ಆಗದಿದ್ದರೆ ಮೂರು ಗಂಟೆಯ ಒಳಗೆ ಮಾಡಿದರೂ ಪ್ರಯೋಜನವಿದೆ. ಮಂಜುಗಡ್ಡೆ ಬೇಡ, ಅದು ರಕ್ತನಾಳವನ್ನು ಮುದುಡಿಸಿ ಗಾಯವನ್ನು ಇನ್ನೂ ಆಳ ಮಾಡುತ್ತದೆ. ನೀರು ಬಿಡುತ್ತಿರುವಾಗಲೇ ಉಂಗುರ, ಬಳೆ, ವಾಚು, ಕೈಗೆ ಕಟ್ಟಿದ ದಾರ ಎಲ್ಲವನ್ನೂ ತೆಗೆಯಿರಿ. ಅರ್ಧ ಗಂಟೆ ಕಳೆದರೆ ಊತ ಬಂದು ತೆಗೆಯಲಾಗುವುದಿಲ್ಲ. ಆಮೇಲೆ ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು ಆಸ್ಪತ್ರೆಗೆ ಬನ್ನಿ. ಧನುರ್ವಾಯು ಚುಚ್ಚುಮದ್ದು ಮರೆಯಬೇಡಿ.

90 ಡಿಗ್ರಿ ಕಡಿಮೆಯಲ್ಲ. ಚರ್ಮ ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಸಾಯುತ್ತದೆ ಎಂದು ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು 1947ರಲ್ಲೇ ಅಳೆದಿಟ್ಟಿದ್ದಾರೆ. 60 ಡಿಗ್ರಿಗೆ ಐದು ಸೆಕೆಂಡ್ ಸಾಕು. 70 ಡಿಗ್ರಿ ದಾಟಿದರೆ ಒಂದು ಸೆಕೆಂಡ್. ನಿಮ್ಮ ಅಚ್ಚು ಹಾಳೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತದೆ.

ತೀರ್ಥಹಳ್ಳಿಯ ಸದಸ್ಯ: ಟೂತ್‌ಪೇಸ್ಟ್ ಹಚ್ಚಿದರೆ ತಕ್ಷಣ ತಂಪಾಗುತ್ತದೆ ಅಲ್ಲವೇ? ನಮ್ಮಲ್ಲಿ ಎಲ್ಲರೂ ಅದನ್ನೇ ಮಾಡುವುದು.

ಡಾಕ್ಟರು: ಬೇಡ. ನೀರು ಮಾತ್ರ.

ಚನ್ನಗಿರಿಯ ಸದಸ್ಯ: ಸರ್, ನಮ್ಮದು ನಾಲ್ಕು ಅಚ್ಚಿನ ಹೈಡ್ರಾಲಿಕ್ ಯಂತ್ರ. ಗುರುವಾರ ಮಧ್ಯಾಹ್ನ ನಮ್ಮಲ್ಲಿ ಕೆಲಸ ಮಾಡುವ ಹೆಂಗಸಿನ ಬಲಗೈ 10 ಇಂಚಿನ ಅಚ್ಚಿನ ನಡುವೆ ಸಿಕ್ಕಿತು. ಅದೇ ಹೊತ್ತಿಗೆ ಕರೆಂಟ್ ಹೋಯಿತು, ಅಚ್ಚು ಮೇಲೇಳಲಿಲ್ಲ. ಕಬ್ಬಿಣದ ಹಾರೆ ಹಾಕಿ ಎತ್ತುವಷ್ಟರಲ್ಲಿ ಎರಡು ನಿಮಿಷವಾದರೂ ಆಗಿರಬೇಕು. ಊರಿನ ನರ್ಸಿಂಗ್ ಹೋಮ್‌ನಲ್ಲಿ ಬಿಳಿ ಮುಲಾಮು ಹಚ್ಚಿ ಬ್ಯಾಂಡೇಜ್ ಮಾಡಿ ಮನೆಗೆ ಕಳಿಸಿದ್ದಾರೆ. ಇವತ್ತು ಭಾನುವಾರ. ಅವರಿಗೆ ನೋವು ಬಹಳ ಕಡಿಮೆ ಇದೆ, ಹಾಗಾಗಿ ವಾಸಿಯಾಗುತ್ತಿದೆ ಎಂದುಕೊಂಡಿದ್ದೇವೆ. ಡ್ರೆಸ್ಸಿಂಗ್ ಬದಲಿಸುವಾಗ ತೆಗೆದ ಎರಡು ಫೋಟೊ ಹಾಕಿದ್ದೇನೆ. ಇನ್ನೆಷ್ಟು ದಿನ ಬೇಕಾಗಬಹುದು?

ಡಾಕ್ಟರು: ಇವತ್ತೇ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ನೋವಿಲ್ಲದ್ದು ಒಳ್ಳೆಯ ಲಕ್ಷಣವಲ್ಲ. ಮೇಲ್ಪದರ ಮಾತ್ರ ಸುಟ್ಟರೆ ಗುಳ್ಳೆ ಏಳುತ್ತದೆ, ಕೆಂಪಗಿರುತ್ತದೆ, ಗಾಳಿ ಸೋಕಿದರೂ ಉರಿಯುತ್ತದೆ, ಏಕೆಂದರೆ ಕೆಳಗಿನ ನರದ ತುದಿಗಳು ಬದುಕಿರುತ್ತವೆ. ನಿಮ್ಮ ಎರಡನೆಯ ಚಿತ್ರದಲ್ಲಿ ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಹಿಂಭಾಗ ಮೇಣ ಮೆತ್ತಿದ ಹಾಗೆ ಬೆಳ್ಳಗಿದೆ. ಅಲ್ಲಿ ಚರ್ಮ ಪೂರ್ತಿ ಸತ್ತಿದೆ, ಅದರ ಜೊತೆ ನರವೂ ಸತ್ತಿದೆ. ನೋವನ್ನು ಮೆದುಳಿಗೆ ಮುಟ್ಟಿಸುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಕಿರುಬೆರಳಿನ ಬುಡದಲ್ಲಿ ಗುಳ್ಳೆ ಕಾಣುತ್ತದೆ. ನೋವಿದ್ದರೆ ಅಲ್ಲಿ ಮಾತ್ರ ಇರಬೇಕು, ಕೇಳಿ ನೋಡಿ.

ಇನ್ನೊಂದು ಮಾತು. ಇದು ಒಲೆಯ ಬೆಂಕಿ ಸುಟ್ಟಂತಲ್ಲ. ಬಿಸಿ ಅಚ್ಚು ಕೈಯನ್ನು ಸುಡುತ್ತಲೇ ಜಜ್ಜಿದೆ. ಮೇಲಿನ ಚರ್ಮ ಒಣಗಿದ ಹಾಳೆಯಂತೆ ಬಿಗಿಯಾಗಿದೆ, ಒಳಗೆ ಜಜ್ಜಿದ ಮಾಂಸ ಊದುತ್ತಿದೆ. ಹಿಗ್ಗದ ಚೀಲದಲ್ಲಿ ಊತ ಬೆಳೆದರೆ ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಮೊದಲ ದಿನವೇ ನೋಡಿದ್ದರೆ ಸುಟ್ಟ ಚರ್ಮವನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸುತ್ತಿದ್ದೆವು. ಮೂಳೆ ಮುರಿದಿದೆಯೋ ಇಲ್ಲವೋ, ಎಕ್ಸ್‌ರೇ ಆಗಿದೆಯೇ? ಬೆರಳ ತುದಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗುತ್ತದೆಯೇ? ಸಕ್ಕರೆ ಕಾಯಿಲೆ ಇದೆಯೇ?

ಮೊದಲ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬ್ಯಾಂಡೇಜಿನ ಅಂಚಿನಲ್ಲಿ ಹಸಿರು ಗಾಜಿನ ಬಳೆಗಳು ಕಾಣುತ್ತಿವೆ, ಎರಡೋ ಮೂರೋ. ಮೂರು ದಿನವಾದರೂ ಯಾರೂ ತೆಗೆದಿಲ್ಲ. ಊದಿದ ಮಣಿಕಟ್ಟಿಗೆ ಅವು ಅರ್ಧ ಮುಳುಗಿವೆ. ಬಳೆಯ ಕೆಳಗೆ ದಪ್ಪ ಬಟ್ಟೆಯ ಪದರ ತೂರಿಸಿ, ಮೇಲೂ ಬಟ್ಟೆ ಮುಚ್ಚಿ, ಇಕ್ಕಳದಿಂದ ಒಂದೊಂದನ್ನೇ ಒಡೆಯಿರಿ. ಚೂರು ಗಾಯದೊಳಗೆ ಬೀಳಬಾರದು. ಬಟ್ಟೆ ತೂರದಷ್ಟು ಬಿಗಿಯಾಗಿದ್ದರೆ ಕೈ ಹಾಕಬೇಡಿ, ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ.

ಎಲ್ಲ ಬೆರಳನ್ನೂ ಒಟ್ಟಿಗೆ ಮುಷ್ಟಿಯಂತೆ ಸುತ್ತಿದ್ದಾರೆ. ಅದೂ ತಪ್ಪು. ಬೆರಳುಗಳ ನಡುವೆ ಬಟ್ಟೆ ಇಡದಿದ್ದರೆ ಹಸಿ ಗಾಯಕ್ಕೆ ಹಸಿ ಗಾಯ ಅಂಟಿ ಕೂಡಿಕೊಳ್ಳುತ್ತದೆ.

ಶಿವಮೊಗ್ಗ ಅಥವಾ ದಾವಣಗೆರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದೆಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಮಹಾಬೋಧಿ ಕೇಂದ್ರವಿದೆ. ಬಿಪಿಎಲ್ ಪಡಿತರ ಚೀಟಿ ಮತ್ತು ಆಧಾರ್ ಕೈಯಲ್ಲಿರಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೊರಟ ಕೂಡಲೇ ಇಲ್ಲಿ ತಿಳಿಸಿ.

ಪುತ್ತೂರಿನ ಸದಸ್ಯೆ: ಸುಣ್ಣದ ತಿಳಿನೀರಿಗೆ ತೆಂಗಿನ ಎಣ್ಣೆ ಸೇರಿಸಿ ಬೆಣ್ಣೆಯಂತೆ ಕಡೆದು ಹಚ್ಚುವುದು ನಮ್ಮ ಅಜ್ಜಿಯ ಕಾಲದಿಂದ ಬಂದ ಮದ್ದು. ಎಷ್ಟೋ ಜನರಿಗೆ ವಾಸಿಯಾಗಿದೆ.

ಡಾಕ್ಟರು: ತಾನಾಗಿಯೇ ವಾಸಿಯಾಗುವ ಗಾಯಕ್ಕೆ ಏನು ಹಚ್ಚಿದರೂ ವಾಸಿಯಾಗುತ್ತದೆ. ಎರಡು ವಾರದಲ್ಲಿ ಮಾಯುವ ಮೇಲುಮೇಲಿನ ಗಾಯ ಸುಣ್ಣದಿಂದ ಮಾಯಿತು ಎಂದು ಸುಣ್ಣಕ್ಕೆ ಹೆಸರು ಬಂತು. ಅದೇ ಮದ್ದನ್ನು ಆಳದ ಗಾಯಕ್ಕೆ ಹಚ್ಚಿಕೊಂಡು ಮೂರು ವಾರ ಮನೆಯಲ್ಲಿ ಕುಳಿತವರು ಬೆರಳು ಮಡಚಲಾಗದೆ ನನ್ನ ಬಳಿ ಬಂದಿದ್ದಾರೆ. ಮುಲಾಮಿನ ಕೆಳಗೆ ಗಾಯದ ಬಣ್ಣ ಕಾಣುವುದಿಲ್ಲ, ಬಣ್ಣ ಕಾಣದೆ ಆಳ ತಿಳಿಯುವುದಿಲ್ಲ. ಆಸ್ಪತ್ರೆಯ ಬಿಳಿ ಸಿಲ್ವರ್ ಮುಲಾಮನ್ನೂ ತಜ್ಞರು ನೋಡುವ ಮುಂಚೆ ಹಚ್ಚಬಾರದೆನ್ನುವುದು ಇದೇ ಕಾರಣಕ್ಕೆ.

ಪುತ್ತೂರಿನ ಸದಸ್ಯೆ: ಬಾಳೆ ಎಲೆ ಸುತ್ತುವುದೂ ತಪ್ಪೇ ಹಾಗಾದರೆ? ಅದನ್ನು ಆಸ್ಪತ್ರೆಯಲ್ಲೇ ನೋಡಿದ್ದೇನೆ.

ಡಾಕ್ಟರು: ತಪ್ಪಲ್ಲ. ನೀವು ನೋಡಿದ್ದು ನಿಜ. ಮುಂಬೈಯ ವೈದ್ಯರು ಹಬೆಯಲ್ಲಿ ಶುದ್ಧಗೊಳಿಸಿದ ಬಾಳೆ ಎಲೆಯನ್ನು ಡ್ರೆಸ್ಸಿಂಗ್ ಆಗಿ ಬಳಸಿ, ಫಲಿತಾಂಶವನ್ನು ಬರೆದು ಪ್ರಕಟಿಸಿದ್ದಾರೆ. ಆಲೂಗಡ್ಡೆ ಸಿಪ್ಪೆಯನ್ನೂ ಹಾಗೆಯೇ ಬಳಸಿದ್ದಾರೆ. ಎಲೆಯ ನುಣುಪು ಮೈ ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಾಗುವುದಿಲ್ಲ, ಬೆಲೆಯೂ ಇಲ್ಲ. ಆದರೆ ಅಲ್ಲಿ ಎಲೆ ಬಟ್ಟೆಯ ಕೆಲಸ ಮಾಡುತ್ತದೆ, ಮದ್ದಿನದಲ್ಲ. ಹಿತ್ತಿಲಿನಿಂದ ಕೊಯ್ದು ತಂದು ನೇರ ಸುತ್ತಿದರೆ ಅದರ ಮೇಲಿನ ಮಣ್ಣು, ಹಕ್ಕಿಯ ಹಿಕ್ಕೆ ಎಲ್ಲವೂ ಗಾಯಕ್ಕೆ.

ಕೊಪ್ಪದ ಸದಸ್ಯ: (ಬಂದದ್ದನ್ನು ಕಳಿಸುತ್ತಿದ್ದೇನೆ) ಸುಟ್ಟಗಾಯಕ್ಕೆ ಮೊಟ್ಟೆಯ ಬಿಳಿ ಲೋಳೆ ಹಚ್ಚಿದರೆ ಒಂದು ಗಂಟೆಯಲ್ಲಿ ಹೊಸ ಚರ್ಮ ಬರುತ್ತದೆ. ಅಗ್ನಿಶಾಮಕ ದಳದವರಿಗೆ ಇದನ್ನೇ ಕಲಿಸುತ್ತಾರೆ. ಎಲ್ಲರಿಗೂ ಹಂಚಿ.

ಡಾಕ್ಟರು: ಯಾವ ಅಗ್ನಿಶಾಮಕ ದಳದಲ್ಲೂ ಇದನ್ನು ಕಲಿಸುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರಬಹುದು. ತೆರೆದ ಗಾಯಕ್ಕೆ ಅದನ್ನು ಬಳಿಯುವಂತೆ ನೂರಾರು ಜನಕ್ಕೆ ಹೇಳುತ್ತಿದ್ದೀರಿ. ಮೊಟ್ಟೆಯನ್ನು ಬೇಯಿಸಿ ಗಾಯಾಳುವಿಗೆ ತಿನ್ನಿಸಿ, ಅದು ನಿಜಕ್ಕೂ ಬೇಕು.

ಶಿರಸಿಯ ಸದಸ್ಯೆ: ಮೊಟ್ಟೆ, ಬೇಳೆ ತಿಂದರೆ ನಂಜಾಗಿ ಕೀವು ಬರುವುದಿಲ್ಲವೇ? ನಮ್ಮ ಮಾವನವರಿಗೆ ಕಾಲು ಸುಟ್ಟಾಗ ಗಂಜಿ ಮಾತ್ರ ಕೊಟ್ಟಿದ್ದೆವು.

ಡಾಕ್ಟರು: ಕೀವು ಬರುವುದು ಬ್ಯಾಕ್ಟೀರಿಯಾದಿಂದ, ಬೇಳೆಯಿಂದಲ್ಲ. ಸುಟ್ಟ ಮೈ ಹೊಸ ಚರ್ಮ ನೇಯುವುದಕ್ಕೆ ಪ್ರೋಟೀನ್ ಬೇಡುತ್ತದೆ. ಕೊಡದಿದ್ದರೆ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಬೇಳೆ, ಮೊಟ್ಟೆ, ಮೀನು, ಹಾಲು, ಕಡಲೆಕಾಯಿ, ಮನೆಯಲ್ಲಿ ತಿನ್ನುವ ರೂಢಿ ಇರುವುದೆಲ್ಲವನ್ನೂ ಕೊಡಿ. ಪಥ್ಯದ ಹೆಸರಿನಲ್ಲಿ ಉಪವಾಸ ಬಿದ್ದವರಿಗೆ ಹಾಕಿದ ಚರ್ಮದ ಕಸಿ ಹಿಡಿಯದೆ ಉದುರಿ ಹೋದದ್ದನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಚನ್ನಗಿರಿಯ ಸದಸ್ಯ: ಹೊರಟಿದ್ದೇವೆ ಸರ್. ಬಳೆ ಮೂರಿದ್ದವು, ಒಡೆದೆವು. ಸಕ್ಕರೆ ಕಾಯಿಲೆ ಇಲ್ಲ. ಎಕ್ಸ್‌ರೇ ಆಗಿರಲಿಲ್ಲ. ತೋರುಬೆರಳ ತುದಿ ನಿಧಾನವಾಗಿ ಕೆಂಪಾಗುತ್ತದೆ, ನಡುಬೆರಳು ಆಗುವುದಿಲ್ಲ.

ಡಾಕ್ಟರು: ಸರಿ. ಕೈ ಕೆಳಗೆ ಇಳಿಬಿಡಲು ಬಿಡಬೇಡಿ, ತೊಡೆಯ ಮೇಲೆ ಎರಡು ದಿಂಬು ಇಟ್ಟು ಅದರ ಮೇಲಿಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಿಂಡಿ ಕೊಡಬೇಡಿ. ಅವರು ಎಲೆಅಡಿಕೆಯ ಜೊತೆ ತಂಬಾಕು ಹಾಕುತ್ತಾರೆಯೇ?

ಚನ್ನಗಿರಿಯ ಸದಸ್ಯ: ಹೌದು, ದಿನಕ್ಕೆ ಐದಾರು ಸಲ.

ಡಾಕ್ಟರು: ಈ ಕ್ಷಣದಿಂದ ನಿಲ್ಲಿಸಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಅವರ ಬೆರಳು ಈಗ ನಿಂತಿರುವುದೇ ಆ ನಾಳಗಳ ಮೇಲೆ. ಅಲ್ಲಿನ ವೈದ್ಯರಿಗೂ ಹೇಳಿ, ನಾಚಿಕೆಯಿಂದ ಮುಚ್ಚಿಡಬೇಡಿ.

ಸಾಗರದ ಸದಸ್ಯ: ಯಂತ್ರ ಎತ್ತುವುದಕ್ಕೆ ಹಾರೆ ಹಾಕಿದ್ದು ಕೇಳಿ ಆಶ್ಚರ್ಯವಾಯಿತು. ಹೈಡ್ರಾಲಿಕ್ ಪಂಪಿನ ಪಕ್ಕ ರಿಲೀಸ್ ವಾಲ್ವ್ ಇರುತ್ತದೆಯಲ್ಲ? ಅದನ್ನು ತಿರುಗಿಸಿದರೆ ಎಣ್ಣೆ ಟ್ಯಾಂಕಿಗೆ ಮರಳಿ ಒತ್ತಡ ಇಳಿಯುತ್ತದೆ. ನಮ್ಮಲ್ಲಿ ಅದಕ್ಕೆ ಕೆಂಪು ಬಣ್ಣ ಬಳಿದಿದ್ದೇವೆ.

ಯಂತ್ರ ಮಾರಾಟದ ಸದಸ್ಯ: ಎಲ್ಲ ಮಾದರಿಯಲ್ಲೂ ಅದು ಕೈಗೆ ಸಿಗುವಂತೆ ಇರುವುದಿಲ್ಲ. ಕೆಲವದರಲ್ಲಿ ಕರೆಂಟ್ ಹೋದರೆ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಮುಚ್ಚಿಕೊಂಡು ಅಚ್ಚು ಇದ್ದಲ್ಲೇ ನಿಲ್ಲುತ್ತದೆ. ಗಾಬರಿಯಲ್ಲಿ ಮೇನ್ ಸ್ವಿಚ್ ಆರಿಸಿದರೂ ಅದೇ ಗತಿ. ಕೊಳ್ಳುವವರು ಕೇಳಿ ತಿಳಿದುಕೊಳ್ಳಬೇಕು.

ಸಾಗರದ ಸದಸ್ಯ: ಕೊಳ್ಳುವವರು ಕೇಳಬೇಕೋ, ಮಾರುವವರು ಹೇಳಬೇಕೋ?

ಯಂತ್ರ ಮಾರಾಟದ ಸದಸ್ಯ: ನಾವು ಎರಡು ಕೈಯ ಗುಂಡಿ ಕೊಟ್ಟೇ ಕೊಡುತ್ತೇವೆ. ಎಡಗೈ ಒಂದು ಗುಂಡಿ, ಬಲಗೈ ಇನ್ನೊಂದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಯಾವ ಕೈ ಇರಲು ಸಾಧ್ಯ? ಆರು ತಿಂಗಳ ಮೇಲೆ ದುರಸ್ತಿಗೆ ಹೋದರೆ ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿರುತ್ತಾರೆ, ಇಲ್ಲವೇ ಕಿತ್ತು ಪೆಡಲ್ ಹಾಕಿಸಿರುತ್ತಾರೆ. ಅದಕ್ಕೂ ನಾವೇ ಹೊಣೆಯೇ?

ಭದ್ರಾವತಿಯ ಸದಸ್ಯ: ತಟ್ಟೆಗೆ ಇಷ್ಟು ಎಂದು ಕೂಲಿ ಕಟ್ಟಿದರೆ ಕೆಲಸಗಾರರೇ ಗುಂಡಿ ಕೀಳುತ್ತಾರೆ. ಹೆಂಗಸರು ಮಾತನಾಡುತ್ತಾ ಕೆಲಸ ಮಾಡುತ್ತಾರೆ, ಗಮನ ಇರುವುದಿಲ್ಲ. ಎಲ್ಲದಕ್ಕೂ ಮಾಲೀಕನನ್ನೇ ದೂರಿದರೆ ಘಟಕ ಮುಚ್ಚಬೇಕಾಗುತ್ತದೆ.

ಶಿರಸಿಯ ಸದಸ್ಯೆ: ಗಮನದ ಮಾತು ಬೇಡ. ನಾನು ಆರು ವರ್ಷ ಪೆಡಲ್ ಯಂತ್ರದಲ್ಲಿ ಕೂತಿದ್ದೇನೆ. ನೆನೆಸಿ ತೆಗೆದ ಹಾಳೆ ಅಚ್ಚಿನ ಮೇಲೆ ಜಾರುತ್ತದೆ. ಅದನ್ನು ನೇರ ಮಾಡುವುದಕ್ಕೆ ಕೈ ಒಳಗೆ ಹೋಗಲೇಬೇಕು. ಅದೇ ಹೊತ್ತಿಗೆ ಕಾಲು ಅಭ್ಯಾಸಬಲದಿಂದ ಒತ್ತಿಬಿಡುತ್ತದೆ. ಸಾವಿರದ ತಟ್ಟೆಯವರೆಗೆ ಗಮನ ಇಟ್ಟವಳಿಗೆ ಸಾವಿರದ ಒಂದನೆಯದರಲ್ಲಿ ತಪ್ಪುತ್ತದೆ.

ಭದ್ರಾವತಿಯ ಸದಸ್ಯ: ನಾನು ನಿಮಗೆ ಹೇಳಲಿಲ್ಲ, ಸಾಮಾನ್ಯವಾಗಿ ಹೇಳಿದೆ.

ದಾವಣಗೆರೆಯ ಸದಸ್ಯ (ವಕೀಲರು): ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ ಕೆಲಸದ ವೇಳೆಯ ಗಾಯಕ್ಕೆ ಮಾಲೀಕ ಹೊಣೆ. ಕೆಲಸಗಾರರ ಅಜಾಗರೂಕತೆ ಎಂಬುದು ಅದಕ್ಕೆ ಉತ್ತರವಲ್ಲ. ರಕ್ಷಣೆಗೆಂದು ಇಟ್ಟ ಸಾಧನವನ್ನು ಗೊತ್ತಿದ್ದೂ ಬೇಕೆಂದೇ ಕೆಲಸಗಾರರೇ ತೆಗೆದಿದ್ದರೆ ಮಾಲೀಕ ವಾದ ಮಾಡಬಹುದು, ಅವನೇ ತೆಗೆಸಿದ್ದರೆ ಆ ವಾದವೂ ಇಲ್ಲ. ಆ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30 ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50. ಹತ್ತು ಜನ ದುಡಿಯುವಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ನೋಂದಣಿ ಇರಲೇಬೇಕು.

ಭದ್ರಾವತಿಯ ಸದಸ್ಯ: ವಕೀಲರಿಗೆ ಕೇಸು ಬೇಕು, ಅಷ್ಟೇ.

ನಿರ್ವಾಹಕ: ದಯವಿಟ್ಟು ವೈಯಕ್ತಿಕ ಮಾತು ಬೇಡ. ವೈದ್ಯರಿಗೆ ಪ್ರಶ್ನೆ ಕೇಳಿ.

ಹೊಸನಗರದ ಸದಸ್ಯ: ಹಳೆಯ ಕಲೆ ತೆಗೆಯುವುದಕ್ಕೆ ಲೇಸರ್ ಎಷ್ಟು ಖರ್ಚಾಗುತ್ತದೆ?

ತೀರ್ಥಹಳ್ಳಿಯ ಸದಸ್ಯ: ಡಾಕ್ಟರೇ, ಪೇಸ್ಟ್ ಬೇಡ ಎಂದಿರಿ. ಇಂಕು ಹಚ್ಚಬಹುದೇ?

ಡಾಕ್ಟರು: ಇಂಕು, ಪೇಸ್ಟು, ಅರಿಶಿನ, ತುಪ್ಪ, ಕಾಫಿ ಪುಡಿ, ದೋಸೆ ಹಿಟ್ಟು, ಯಾವುದೂ ಬೇಡ. ಇದೇ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಮಾಲೀಕರ ಜಗಳ ಓದಿದೆ. ಕೆಲಸಗಾರ್ತಿಯ ಗಮನದ ಬಗ್ಗೆ ಬರೆದವರು ಒಮ್ಮೆ ನಮ್ಮ ವಾರ್ಡಿಗೆ ಬಂದು ಡ್ರೆಸ್ಸಿಂಗ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಲಿ.

ಚನ್ನಗಿರಿಯ ಸದಸ್ಯ (ಬುಧವಾರ): ಸರ್, ದಾಖಲಾಗಿದ್ದಾರೆ. ಸೋಮವಾರ ಒಂದು ಆಪರೇಷನ್ ಆಯಿತು. ಸತ್ತ ಚರ್ಮ ತೆಗೆದ ಮೇಲೆ ಮೂರು ಬೆರಳಿನ ಮೇಲೆ ಬಿಳಿ ನರ ಕಾಣುತ್ತಿದೆ ಎಂದರು. ನಡುಬೆರಳಿನ ತುದಿಯ ಗೆಣ್ಣು ಉಳಿಯಲಿಲ್ಲ. ಈಗ ಕೈಯನ್ನು ತೊಡೆಸಂದಿನ ಹತ್ತಿರ ಕಿಬ್ಬೊಟ್ಟೆಗೆ ಹೊಲಿಯಬೇಕು, ಮೂರು ವಾರ ಹಾಗೆಯೇ ಇರಬೇಕು ಎನ್ನುತ್ತಾರೆ. ಮನೆಯವರು ಹೆದರಿ ಡಿಸ್ಚಾರ್ಜ್ ಮಾಡಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಬೇರೆ ದಾರಿ ಇಲ್ಲವೇ? ತೊಡೆಯ ಚರ್ಮ ತೆಗೆದು ಹಾಕುವುದು ಸಾಲದೇ?

ಡಾಕ್ಟರು: ಸಾಲದು. ಮನೆಯವರಿಗೆ ಇದನ್ನು ಓದಿ ಹೇಳಿ.

ಬಿಳಿ ನರ ಎಂದಿರಲ್ಲ, ಅದು ನರವಲ್ಲ, ಬೆರಳನ್ನು ನೇರ ಮಾಡುವ ಸ್ನಾಯುರಜ್ಜು (ಟೆಂಡನ್). ಕೈಯ ಹಿಂಭಾಗವನ್ನು ನೀವೇ ಚಿವುಟಿ ನೋಡಿ, ಚರ್ಮ ಎಷ್ಟು ತೆಳು, ಅದರ ಕೆಳಗೇ ರಜ್ಜು ಓಡಾಡುವುದು ಕಾಣುತ್ತದೆ. ತೊಡೆಯಿಂದ ಹೆರೆದು ತೆಗೆದ ತೆಳು ಚರ್ಮ ಕಾಗದದಂತಿರುತ್ತದೆ, ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಕೆಳಗೆ ರಕ್ತವಿರುವ ಮಾಂಸ ಸಿಕ್ಕರೆ ಬೇರೂರುತ್ತದೆ. ಬರಿಯ ರಜ್ಜಿನ ಮೇಲೆ, ಬರಿಯ ಮೂಳೆಯ ಮೇಲೆ ಬೇರು ಬಿಡುವುದಿಲ್ಲ. ರಜ್ಜು ನಾಲ್ಕು ದಿನ ತೆರೆದಿದ್ದರೆ ಒಣಗಿ ನಾರಿನಂತೆ ಎದ್ದು ಬರುತ್ತದೆ, ಆಮೇಲೆ ಆ ಬೆರಳು ನೇರವಾಗುವುದಿಲ್ಲ.

ಅದಕ್ಕೇ ಕಿಬ್ಬೊಟ್ಟೆಯ ಚರ್ಮವನ್ನು ಕೊಬ್ಬಿನ ಸಮೇತ, ಅದರದೇ ರಕ್ತನಾಳದ ಸಮೇತ ಎತ್ತಿ, ಒಂದು ಅಂಚನ್ನು ಹೊಟ್ಟೆಗೇ ಬಿಟ್ಟು, ಇನ್ನೊಂದು ಅಂಚನ್ನು ಕೈಗೆ ಹೊಲಿಯುತ್ತಾರೆ. ಅಡಿಕೆ ತೋಟದವರಿಗೆ ಮೆಣಸಿನ ಬಳ್ಳಿಯ ಉದಾಹರಣೆ ಸಾಕು. ತಾಯಿಬಳ್ಳಿಯಿಂದ ಕತ್ತರಿಸದೆಯೇ ಬಳ್ಳಿಯನ್ನು ಮಣ್ಣಿಗೆ ಬಗ್ಗಿಸಿ ಹೂಳುತ್ತೀರಿ, ಅಲ್ಲಿ ಬೇರು ಬಿಟ್ಟ ಮೇಲೆ ಕತ್ತರಿಸುತ್ತೀರಿ. ಮೂರು ವಾರದಲ್ಲಿ ಆ ಚರ್ಮ ಕೈಯಿಂದ ರಕ್ತ ಕುಡಿಯಲು ಕಲಿಯುತ್ತದೆ, ಆಗ ಹೊಟ್ಟೆಯ ಕಡೆಯ ಕೊಂಡಿ ಬಿಡಿಸುತ್ತಾರೆ. ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ಸರ್ಜನ್‌ಗಳು 1972ರಲ್ಲಿ ಬರೆದು ತೋರಿಸಿದ ವಿಧಾನ. ದೊಡ್ಡ ಸೂಕ್ಷ್ಮದರ್ಶಕ ಬೇಡ, ಜಿಲ್ಲಾ ಕೇಂದ್ರದಲ್ಲೂ ಮಾಡಬಹುದು.

ಮೂರು ವಾರ ಕಷ್ಟವಿದೆ, ಸುಳ್ಳು ಹೇಳುವುದಿಲ್ಲ. ಭುಜ ಬಿಗಿಯುತ್ತದೆ. ಊಟ, ಸ್ನಾನ, ಶೌಚ ಎಲ್ಲದಕ್ಕೂ ಜೊತೆಗೊಬ್ಬ ಹೆಂಗಸು ಬೇಕು. ನಿದ್ದೆಯಲ್ಲಿ ಕೈ ಎಳೆದು ಹೊಲಿಗೆ ಕಿತ್ತುಹೋಗದಂತೆ ಎದೆಗೆ ಪಟ್ಟಿ ಹಾಕುತ್ತಾರೆ. ಮೂರು ಬೆರಳೂ ಒಂದೇ ಚರ್ಮದೊಳಗೆ ಒಟ್ಟಿಗೆ ಕೂಡಿಕೊಳ್ಳುತ್ತವೆ, ಕೆಲವು ವಾರಗಳ ಮೇಲೆ ಅವನ್ನು ಬೇರ್ಪಡಿಸುವ ಇನ್ನೊಂದು ಆಪರೇಷನ್ ಇರುತ್ತದೆ. ಮೊದಲೇ ತಿಳಿದಿರಲಿ, ಆಗ ಯಾರೋ ಮೋಸ ಮಾಡಿದರು ಎನಿಸಬಾರದು.

ಇಷ್ಟು ಬೇಗ ಸತ್ತ ಚರ್ಮ ತೆಗೆದದ್ದು ಒಳ್ಳೆಯದಾಯಿತು. ಹಿಂದೆ ಅದು ಕೊಳೆತು ತಾನಾಗಿ ಬೀಳಲೆಂದು ವಾರಗಟ್ಟಲೆ ಕಾಯುತ್ತಿದ್ದರು. ಸ್ಲೊವೇನಿಯಾದ ಜೋರಾ ಯಾಂಜೆಕೋವಿಚ್ ಎಂಬ ವೈದ್ಯೆ, ಮೊದಲ ದಿನಗಳಲ್ಲೇ ಪದರ ಪದರವಾಗಿ ಹೆರೆದು ಕಸಿ ಹಾಕಬೇಕೆಂದು 1970ರಲ್ಲಿ ಪ್ರಕಟಿಸಿದ ಮೇಲೆ ಸುಟ್ಟ ಕೈಗಳ ಹಣೆಬರಹವೇ ಬದಲಾಯಿತು.

ಡಿಸ್ಚಾರ್ಜ್ ಮಾಡಿಸಿಕೊಂಡು ಹೋದರೆ ಬೆರಳುಗಳನ್ನು ಬಿಟ್ಟುಕೊಟ್ಟಂತೆ. ನಾಳೆ ಅಲ್ಲಿನ ಸರ್ಜನ್‌ಗೆ ನನ್ನ ಜೊತೆ ಮಾತನಾಡಬೇಕೆನಿಸಿದರೆ ನಿರ್ವಾಹಕರ ಬಳಿ ನನ್ನ ಸಂಖ್ಯೆ ಇದೆ.

ಪುತ್ತೂರಿನ ಸದಸ್ಯೆ: ಹೊಟ್ಟೆಗೆ ಹೊಲಿಯುವುದೆಂದರೆ ಕೇಳಿಯೇ ಭಯವಾಗುತ್ತದೆ. ನಮ್ಮ ಕಡೆ ಒಬ್ಬ ನಾಟಿ ವೈದ್ಯರಿದ್ದಾರೆ, ಆಪರೇಷನ್ ಇಲ್ಲದೆ ಗುಣ ಮಾಡುತ್ತಾರೆ. ಬೇಕಾದರೆ ವಿಳಾಸ ಕೊಡುತ್ತೇನೆ.

ಡಾಕ್ಟರು: ಕೊಡಬೇಡಿ. ಹೆದರಿ ಕುಳಿತ ಒಂದು ಕುಟುಂಬ ಇದನ್ನು ಓದುತ್ತಿದೆ. ನಿಮ್ಮ ಒಂದು ಸಾಲಿನಿಂದ ಅವರು ಆಸ್ಪತ್ರೆ ಬಿಟ್ಟರೆ ಆ ಕೈಗೆ ನೀವು ಜವಾಬ್ದಾರಿ ಹೊರುತ್ತೀರಾ?

ಪುತ್ತೂರಿನ ಸದಸ್ಯೆ: ಸಹಾಯ ಮಾಡಲು ಹೋದರೆ ಹೀಗೆ ಬೈಸಿಕೊಳ್ಳಬೇಕೇ? ನಮ್ಮ ಪರಂಪರೆಗೆ ಬೆಲೆಯೇ ಇಲ್ಲ.

ಶಿರಸಿಯ ಸದಸ್ಯೆ: ಬಾಳೆ ಎಲೆಯ ವಿಷಯದಲ್ಲಿ ಅವರು ನಿಮ್ಮ ಮಾತನ್ನೇ ಒಪ್ಪಿದರಲ್ಲ.

ಪುತ್ತೂರಿನ ಸದಸ್ಯೆ: ನಾನು ಬಳಗ ಬಿಡುತ್ತಿದ್ದೇನೆ.

ಬೆಂಗಳೂರಿನ ಸದಸ್ಯ: ನನ್ನ ತಮ್ಮ ಪೀಣ್ಯದ ರಬ್ಬರ್ ಮೋಲ್ಡಿಂಗ್ ಘಟಕದಲ್ಲಿದ್ದಾನೆ. ಎಂಟು ತಿಂಗಳ ಹಿಂದೆ ಎಡಗೈಯ ಹಿಂಭಾಗ ಸುಟ್ಟು ಚರ್ಮ ಕಸಿ ಆಯಿತು, ಗಾಯ ಪೂರ್ತಿ ಮಾಯಿತು. ಆದರೆ ಕಲೆ ಹಗ್ಗದಂತೆ ದಪ್ಪಗಾಗಿ, ಬೆರಳ ಬುಡ ಹಿಂದಕ್ಕೆ ಎಳೆದು, ತುದಿ ಮಾತ್ರ ಮುಂದಕ್ಕೆ ಬಾಗಿದೆ. ಮಾಯ್ದ ಮೇಲೆ ಹೀಗೇಕಾಯಿತು?

ಡಾಕ್ಟರು: ಮಾಯ್ದ ದಿನ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಮಿಕ್ಕರ್ಧವನ್ನು ಯಾರೂ ಹೇಳಲಿಲ್ಲ, ಇಲ್ಲವೇ ಹೇಳಿದ್ದು ಆಗಲಿಲ್ಲ. ಹೊಸ ಚರ್ಮ ಒಂದೂವರೆ ವರ್ಷದವರೆಗೆ, ಕೆಲವರಲ್ಲಿ ಎರಡು ವರ್ಷ, ಒಳಗೊಳಗೇ ಕುಗ್ಗುತ್ತಿರುತ್ತದೆ. ಕೈ ನೋವೆಂದು ಹೇಗೆ ಇಟ್ಟುಕೊಂಡರೆ ಆರಾಮವೋ ಹಾಗೆಯೇ ಅದು ಗಟ್ಟಿಯಾಗುತ್ತದೆ. ಆರಾಮದ ಭಂಗಿಯೇ ಕೆಡಿಸುವ ಭಂಗಿ.

ಕೈಯ ಹಿಂಭಾಗ ಸುಟ್ಟಾಗ ಮೊದಲ ದಿನದಿಂದ ಸ್ಪ್ಲಿಂಟ್, ಅಂದರೆ ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ, ಬೇಕು. ಗೋಡೆಯ ಮೇಲೆ ಬಾತುಕೋಳಿಯ ನೆರಳು ಮಾಡಲು ಮಕ್ಕಳು ಕೈ ಹಿಡಿಯುತ್ತಾರಲ್ಲ, ಹಾಗೆ: ಮಣಿಕಟ್ಟು ಇಪ್ಪತ್ತು ಮೂವತ್ತು ಡಿಗ್ರಿ ಹಿಂದಕ್ಕೆ, ಬೆರಳ ಬುಡದ ಕೀಲು ಎಪ್ಪತ್ತಕ್ಕೂ ಹೆಚ್ಚು ಬಾಗಿ, ಅಲ್ಲಿಂದ ಮುಂದೆ ಬೆರಳು ನೆಟ್ಟಗೆ, ಹೆಬ್ಬೆರಳು ದೂರ. ಅಂಗೈ ಸುಟ್ಟಿದ್ದರೆ ಇದಕ್ಕೆ ವಿರುದ್ಧ, ಬೆರಳೆಲ್ಲ ಅಗಲಿಸಿ ಅಂಗೈ ಚಾಚಿದಂತೆ. ಕಸಿ ಹಾಕಿದ ಐದಾರು ದಿನ ಅಲುಗಿಸಬಾರದು, ಅದು ಹಿಡಿಯಿತೆಂದು ತಿಳಿದ ಕೂಡಲೇ ಆಡಿಸಲು ಶುರು. ಹಗಲು ವ್ಯಾಯಾಮ, ರಾತ್ರಿ ಸ್ಪ್ಲಿಂಟ್. ಚರ್ಮ ಗಟ್ಟಿಯಾದ ಮೇಲೆ ಅಳತೆಗೆ ಹೊಲಿಸಿದ ಒತ್ತಡದ ಗ್ಲೌಸ್, ದಿನಕ್ಕೆ 23 ಗಂಟೆ, ಸ್ನಾನಕ್ಕೆ ಮತ್ತು ಮಾಲೀಸಿಗೆ ಮಾತ್ರ ಬಿಚ್ಚುವುದು. ಬೆರಳ ಸಂದಿಗೆ ಸಿಲಿಕೋನ್ ಹಾಳೆ. ದಿನಕ್ಕೆ ನಾಲ್ಕೈದು ಸಲ ಕೊಬ್ಬರಿ ಎಣ್ಣೆ ಹಾಕಿ, ಕಲೆ ಬೆಳ್ಳಗಾಗುವಷ್ಟು ಒತ್ತಿ ತಿಕ್ಕುವುದು. ಎಣ್ಣೆ ಬೇಕಾಗುವುದು ಆಗ, ಹಸಿ ಗಾಯಕ್ಕಲ್ಲ.

ಎಂಟು ತಿಂಗಳೆಂದರೆ ಕಲೆ ಇನ್ನೂ ಹಣ್ಣಾಗಿಲ್ಲ, ಸ್ಪ್ಲಿಂಟ್ ಮತ್ತು ಗ್ಲೌಸಿನಿಂದ ಸ್ವಲ್ಪ ಹಿಂದಕ್ಕೆ ಬರಬಹುದು. ಬೆರಳ ಕೀಲು ಬಾಗಿದ್ದನ್ನು ಕೈಯಿಂದ ಎತ್ತಿ ನೇರ ಮಾಡಲಾಗುತ್ತದೆಯೇ ನೋಡಿ. ಆಗುವುದಾದರೆ ಆಸೆ ಹೆಚ್ಚು. ಕೀಲೇ ಬಿಗಿದಿದ್ದರೆ ಕಲೆ ಬಿಡಿಸಿ ಹೊಸ ಚರ್ಮ ಕೂರಿಸಬೇಕು.

ಬೆಂಗಳೂರಿನ ಸದಸ್ಯ: ಧನ್ಯವಾದ. ಗ್ಲೌಸ್ ಕೊಟ್ಟಿದ್ದರು, ಸೆಖೆ, ಕಡಿತ ಎಂದು ಅವನು ಹಾಕಲಿಲ್ಲ.

ಡಾಕ್ಟರು: ಕಡಿತಕ್ಕೆ ಮಾತ್ರೆ ಇದೆ. ಬಾಗಿದ ಬೆರಳಿಗೆ ಮಾತ್ರೆ ಇಲ್ಲ. ಎರಡು ಗ್ಲೌಸ್ ಹೊಲಿಸಿ, ಒಂದು ಒಗೆದಾಗ ಇನ್ನೊಂದು.

ಹೊಸನಗರದ ಸದಸ್ಯ: ಲೇಸರ್ ಬಗ್ಗೆ ಕೇಳಿದ್ದೆ.

ಕೊಪ್ಪದ ಸದಸ್ಯ: ಹಾಳೆ ತಟ್ಟೆ ಯಂತ್ರಕ್ಕೆ ಸಬ್ಸಿಡಿ ಯಾವ ಇಲಾಖೆಯಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತೇ?

ಭದ್ರಾವತಿಯ ಸದಸ್ಯ: ಚನ್ನಗಿರಿಯವರೇ, ನಿಮ್ಮ ಯಂತ್ರದಲ್ಲಿ ಎರಡು ಗುಂಡಿ ಇತ್ತೋ ಇಲ್ಲವೋ ಅದನ್ನು ಮೊದಲು ಹೇಳಿ. ನಿಮ್ಮಿಂದ ಎಲ್ಲ ಮಾಲೀಕರಿಗೂ ಕೆಟ್ಟ ಹೆಸರು.

ಚನ್ನಗಿರಿಯ ಸದಸ್ಯ: ಇತ್ತು. ಎಡಗಡೆಯ ಗುಂಡಿಗೆ ತೆಂಗಿನ ಗರಿಯ ಕಡ್ಡಿ ಮುರಿದು ಸಿಕ್ಕಿಸಿತ್ತು. ಸಿಕ್ಕಿಸಿದವನು ನಾನೇ. ಮದುವೆ ಸೀಸನ್ನಿನ ಆರ್ಡರ್ ಮುಗಿಯುತ್ತಿರಲಿಲ್ಲ. ಅವರಿಗೆ ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಹಾಳೆ ಸರಿಮಾಡಿ ಎಂದು ತೋರಿಸಿಕೊಟ್ಟವನೂ ನಾನೇ. ಆಸ್ಪತ್ರೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ವಕೀಲರೇ, ಪರಿಹಾರದ ಅರ್ಜಿಯನ್ನು ಅವರ ಪರವಾಗಿ ನಾನೇ ಕೊಡಬಹುದೇ?

ದಾವಣಗೆರೆಯ ಸದಸ್ಯ (ವಕೀಲರು): ಖಾಸಗಿಯಾಗಿ ಸಂದೇಶ ಕಳಿಸಿದ್ದೇನೆ.

ಭದ್ರಾವತಿಯ ಸದಸ್ಯ: ಎಲ್ಲರ ಮುಂದೆ ಬರೆದು ಸಿಕ್ಕಿಹಾಕಿಕೊಂಡಿರಿ. ಅಳಿಸಿಬಿಡಿ.

ಸಾಗರದ ಸದಸ್ಯ: ಅಳಿಸಬೇಡಿ.

ನಿರ್ವಾಹಕ: ಭದ್ರಾವತಿಯ ಸದಸ್ಯರ ಸಂದೇಶಗಳನ್ನು ಒಂದು ವಾರ ತಡೆಹಿಡಿಯಲಾಗಿದೆ.

ಚನ್ನಗಿರಿಯ ಸದಸ್ಯ (ಎರಡೂವರೆ ತಿಂಗಳ ನಂತರ): ಸರ್, ಹೊಟ್ಟೆಯಿಂದ ಕೈ ಬಿಡಿಸಿ ಎಂಟು ವಾರವಾಯಿತು. ಹದಿನೈದು ದಿನದ ಹಿಂದೆ ಬೆರಳು ಬೇರ್ಪಡಿಸಿದರು. ಫೋನು ಅವರ ಕೈಗೇ ಕೊಡುತ್ತೇನೆ, ಕೇಳುವುದಿದೆಯಂತೆ.

ನಮಸ್ಕಾರ ಸರ್. ಎಡಗೈಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ತಂಬಾಕು ಬಿಟ್ಟಿದ್ದೇನೆ. ಹೆಬ್ಬೆರಳು ತೋರುಬೆರಳು ಮುಟ್ಟುತ್ತದೆ. ಬೆರಳ ಮೇಲೆ ಕೂರಿಸಿದ ಚರ್ಮ ದಪ್ಪ, ಮುಟ್ಟಿದರೆ ಗೊತ್ತಾಗುವುದಿಲ್ಲ, ಮರದಂತಿದೆ. ಮನೆಯಲ್ಲಿ ಏನು ಅಭ್ಯಾಸ ಮಾಡಲಿ? ರೊಟ್ಟಿ ಬೇಯಿಸಬಹುದೇ?

ಡಾಕ್ಟರು: ಹೆಬ್ಬೆರಳು ತೋರುಬೆರಳಿಗೆ ಮುಟ್ಟುತ್ತದೆ ಎಂದು ಓದಿ ಬಹಳ ಸಂತೋಷವಾಯಿತು ತಾಯಿ. ಹೆಚ್ಚಿನ ಕೆಲಸ ನಡೆಯುವುದು ಆ ಎರಡರ ನಡುವೆಯೇ.

ಹೊಲಿಗೆಯ ಗಾಯ ಪೂರ್ತಿ ಒಣಗಿದ ಮೇಲೆ, ಮೊದಲು ಗೋಧಿ ಹಿಟ್ಟನ್ನು ಮೆತ್ತಗೆ ಕಲಸಿ ನಾದಿ, ಆಮೇಲೆ ದಿನದಿನಕ್ಕೆ ಗಟ್ಟಿ ಮಾಡಿ. ದೀಪದ ಬತ್ತಿ ಹೊಸೆಯಿರಿ, ಹೂ ಕಟ್ಟಿ, ಅವರೆಕಾಳು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಿ. ರಾಗಿಯ ಡಬ್ಬಿಯೊಳಗೆ ಕೈ ಇಳಿಸಿ ಐದು ನಿಮಿಷ ಆಡಿಸಿ, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಒಳಗೆ ಒಂದು ಗುಂಡಿ ಬಚ್ಚಿಟ್ಟು ಹುಡುಕಿ. ಸ್ಪರ್ಶ ಪೂರ್ತಿ ಬರುವುದಿಲ್ಲ, ಸ್ವಲ್ಪ ಸ್ವಲ್ಪ ಬರುತ್ತದೆ.

ರೊಟ್ಟಿ ತಟ್ಟಿ, ಬೇಯಿಸಬೇಡಿ. ಆ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಹಂಚಿಗೆ ತಾಗಿದರೂ ಕೈ ಹಿಂದಕ್ಕೆ ಬರುವುದಿಲ್ಲ, ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದೂ ಈಗ ಬೇಡ. ಮುಂದಿನ ಸಲ ಫಿಸಿಯೋಥೆರಪಿಗೆ ಹೋಗುವಾಗ ರಾತ್ರಿಯ ಸ್ಪ್ಲಿಂಟನ್ನೂ ತೆಗೆದುಕೊಂಡು ಹೋಗಿ. ಊತ ಇಳಿದಿರುವುದರಿಂದ ಸಡಿಲವಾಗಿರುತ್ತದೆ, ಬಿಸಿ ನೀರಿನಲ್ಲಿ ಅದ್ದಿ ಹೊಸ ಅಳತೆಗೆ ಕೂರಿಸಿಕೊಡಬೇಕು.